ಕೂಲಿಗೆ ಬಂದ ರಕ್ಕಸರು

ಭಾನುವಾರ ಮಧ್ಯಾಹ್ನ ಮೂರಕ್ಕೆ ಕೊಂಡಾಪುರದ ನಮ್ಮ ಫ್ಲ್ಯಾಟಿನ ಊಟದ ಮೇಜು ಖಾಲಿಯಾಗಬೇಕು. ಅದು ನಮ್ಮ ಮನೆಯ ಕಾನೂನು. ಸಾರಿನ ಪಾತ್ರೆ ಎತ್ತಿಟ್ಟು, ಮೇಜು ಒರೆಸಿ, ಅದರ ಮೇಲೆ ಚೌಕುಳಿ ಕಾಗದ ಹಾಸುತ್ತೇವೆ. ಆರು ಮಂದಿ ಕೂರುತ್ತಾರೆ: ಒಂಬತ್ತನೇ ತರಗತಿಯ ನನ್ನ ಮಗಳು, ಕೆಳಗಿನ ಮಹಡಿಯ ತೆಲುಗು ಹುಡುಗ, ಧಾರವಾಡದ ಮತ್ತು ಮಂಡ್ಯದ ಇಬ್ಬರು ಸಹೋದ್ಯೋಗಿಗಳು, ಇಲ್ಲಿ ಪಿಎಚ್‌ಡಿ ಮಾಡುತ್ತಿರುವ ಸುರಪುರದ ಒಬ್ಬ ಹುಡುಗ, ಮತ್ತು ನಾನು. ಉಳಿದ ಐವರು ಸಾಹಸಿಗಳು. ನಾನು ಕತೆ ನಡೆಸುವವನು, ಅಂದರೆ ಡಂಜನ್ ಮಾಸ್ಟರ್. ಆಫೀಸಿನಲ್ಲಿ ಐದು ದಿನ ಪ್ರಾಜೆಕ್ಟ್ ಮ್ಯಾನೇಜರ್ ಆಗಿ ಮಾಡುವುದನ್ನೇ ಇಲ್ಲಿ ಸಂಬಳವಿಲ್ಲದೆ ಮಾಡುತ್ತೇನೆ. ಯಾರ ಸರದಿ, ಯಾರಿಗೆ ಎಷ್ಟು ಪೆಟ್ಟು, ಯಾವುದು ಮುಗಿಯಿತು, ಯಾವುದು ಬಾಕಿ ಎಂದು ಲೆಕ್ಕ ಇಡುವುದು.

ಈ ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ 1974ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ ಹೊರಬಂತು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನಿಸನ್ ಎಂಬಿಬ್ಬರು ಮಾಡಿದ್ದು. ಇದಕ್ಕೆ ಪರದೆ ಬೇಡ, ಕರೆಂಟು ಬೇಡ. ಬಾಯಿಮಾತು, ಪೆನ್ಸಿಲ್ಲು ಮತ್ತು ದಾಳಗಳಷ್ಟೇ ಸಾಕು. ನಮ್ಮ ಬಯಲಾಟದಲ್ಲಿ ಅರ್ಥಗಾರಿಕೆಯನ್ನು ಪ್ರೇಕ್ಷಕರೇ ಹೇಳುವಂತಾಗಿ, ಮುಂದಿನ ಪದ್ಯ ಯಾವುದು ಎಂಬುದನ್ನು ದಾಳ ತೀರ್ಮಾನಿಸಿದರೆ ಹೇಗಿರುತ್ತದೋ ಹೆಚ್ಚುಕಡಿಮೆ ಹಾಗೆ. ಆಟಕ್ಕೆ ಸಿದ್ಧ ಕಥಾನಕಗಳ ಪುಸ್ತಿಕೆಗಳು ಸಿಗುತ್ತವೆ. ಅವುಗಳಲ್ಲಿ ಅತಿ ಹೆಚ್ಚು ಮೇಜುಗಳನ್ನು ಕಂಡವುಗಳಲ್ಲಿ ಒಂದು ಗೈಗ್ಯಾಕ್ಸ್ ಬರೆದ ‘ದಿ ಕೀಪ್ ಆನ್ ದ ಬಾರ್ಡರ್‌ಲ್ಯಾಂಡ್ಸ್’. ಹಳೆಯ ಆವೃತ್ತಿಯ ಅದನ್ನೇ ನಾವು ಎರಡು ತಿಂಗಳಿಂದ ಆಡುತ್ತಿದ್ದೇವೆ.

ಈ ಬರಹ ಆ ಪುಸ್ತಿಕೆಯ ಒಂದು ಪಾತ್ರದ ಬಗ್ಗೆ. ಆ ಪಾತ್ರಕ್ಕೆ ಹೆಸರಿಲ್ಲ. ಅರ್ಧ ಪುಟವೂ ಇಲ್ಲದ ವಿವರಣೆ. ಆದರೆ ಅದು ನನ್ನನ್ನು ಲೇಕ್ ಜಿನೀವಾದಿಂದ ಎಳೆದುಕೊಂಡು ಬಂದು ಸುರಪುರ, ರಾಯಚೂರು, ಕೊನೆಗೆ ಮಾಸಬ್ ಟ್ಯಾಂಕಿನ ಹಿಂದಿನ ಒಂದು ಬಡಾವಣೆಗೆ ತಂದು ನಿಲ್ಲಿಸಿದೆ.

ಕತೆ ಹೀಗೆ. ನಾಗರಿಕ ಸೀಮೆಯ ಅಂಚಿನಲ್ಲಿ ಒಂದು ಕೋಟೆ. ಅದರೊಳಗೆ ಅಂಗಡಿ, ಹೋಟೆಲು, ಗುಡಿ, ಸಾಹುಕಾರ ಎಲ್ಲ ಇದ್ದಾರೆ. ಕೋಟೆಯ ಹೊರಗೆ ಕಾಡು, ಕಾಡಿನಾಚೆ ಒಂದು ಕಣಿವೆ, ಕಣಿವೆಯ ಗೋಡೆಗಳ ತುಂಬ ಗವಿಗಳು. ಒಂದೊಂದು ಗವಿಯಲ್ಲಿ ಒಂದೊಂದು ಕುಲ. ಕೋಬೋಲ್ಡ್, ಗಾಬ್ಲಿನ್, ಹಾಬ್‌ಗಾಬ್ಲಿನ್, ನೋಲ್, ಎರಡು ಬಣಗಳ ಓರ್ಕ್‌ಗಳು. ಇವರ ನಡುವೆ ಒಬ್ಬ ಒಂಟಿ ಓಗರ್. ಓಗರ್ ಅಂದರೆ ನಮ್ಮ ಅಜ್ಜಿಕತೆಗಳ ದಡ್ಡ ರಕ್ಕಸ ಎಂದುಕೊಳ್ಳಿ. ಇವನು ಕರಡಿಯ ಚರ್ಮ ಹೊದ್ದು ಕೂತಿರುತ್ತಾನೆ. ಇವನ ಕಸುಬು ಕೂಲಿಗೆ ಹೊಡೆದಾಡುವುದು. ಸಾಮಾನ್ಯವಾಗಿ ಪಕ್ಕದ ಗವಿಯ ಗಾಬ್ಲಿನ್‌ಗಳ ಪರ. ದುಡ್ಡು ಕೊಟ್ಟರೆ ಓರ್ಕ್‌ಗಳ ಪರವೂ ಆಗಬಹುದು. ಗಾಬ್ಲಿನ್‌ಗಳಿಗೆ ಆಪತ್ತು ಬಂದಾಗ ಅವರು ಗುಪ್ತ ಬಾಗಿಲು ತೆರೆದು 250 ಚಿನ್ನದ ನಾಣ್ಯಗಳ ಚೀಲವನ್ನು ಇವನತ್ತ ಎಸೆಯುತ್ತಾರೆ. ಇವನು ಎದ್ದು ಬರುತ್ತಾನೆ. ಅದಕ್ಕಿಂತ ಹೆಚ್ಚಿನ ಮೊತ್ತವನ್ನು ಕಣ್ಣಿಗೆ ಕಾಣುವಂತೆ, ಕೈಗೆ ಸಿಗುವಂತೆ ನೀವು ಕೊಟ್ಟರೆ ಶೇಕಡಾ 90ರ ಸಂಭವದಲ್ಲಿ ನಿಮ್ಮ ಕಡೆ ಬರುತ್ತಾನೆ.

ನಮ್ಮ ಮೇಜಿನಲ್ಲಿ ಚೀಲ ಬಿತ್ತು, ಓಗರ್ ಎದ್ದ, ಅರ್ಧ ಗಂಟೆ ಕಾದಾಟವಾಯಿತು, ಸತ್ತ. ಸಾಹಸಿಗಳು ಅವನ ಗವಿ ಜಾಲಾಡಿದರು. ಪುಸ್ತಿಕೆ ಅಲ್ಲಿ ಕೆಲವು ಚೀಲಗಳನ್ನಿಟ್ಟಿದೆ. ಒಂದರಲ್ಲಿ ಬೆಳ್ಳಿ, ಒಂದರಲ್ಲಿ ತಾಮ್ರ, ಒಂದರಲ್ಲಿ ಗಟ್ಟಿಯಾದ ಗಿಣ್ಣು. ಇನ್ನೊಂದರಲ್ಲಿ ಇನ್ನೂರಕ್ಕೂ ಮಿಕ್ಕಿದ ಚಿನ್ನದ ನಾಣ್ಯ. ಆದರೆ ಅವು ಚಿನ್ನವಲ್ಲ. ಸೀಸದ ಬಿಲ್ಲೆಗೆ ಚಿನ್ನದ ನೀರು ಕುಡಿಸಿದ್ದು. ಇದನ್ನು ನಾನು ಓದಿ ಹೇಳಿದಾಗ ಮೇಜಿನ ಸುತ್ತ ನಗು. ಸಾಹಸಿಗಳಿಗೆ ಮೋಸವಾಯಿತಲ್ಲ ಎಂದು ಲೇಖಕ ಇಟ್ಟ ತಮಾಷೆ ಅದು.

ನನ್ನ ಮಗಳು ನಗಲಿಲ್ಲ. “ಅಪ್ಪಾ, ಮೋಸ ಆಗಿದ್ದು ನಮಗಲ್ಲ, ಅವನಿಗೆ” ಅಂದಳು. ಸ್ವಲ್ಪ ಹೊತ್ತು ಬಿಟ್ಟು, “ಅವನಿಗೆ ಆ ದುಡ್ಡು ಏತಕ್ಕೆ? ಅಂಗಡಿ ಇರೋದು ಕೋಟೆಯೊಳಗೆ. ಅವನನ್ನ ಒಳಗೆ ಬಿಡ್ತಾರಾ?”

ನಲವತ್ತೈದು ವರ್ಷದ ಪುಸ್ತಿಕೆಯಲ್ಲಿ ಈ ಪ್ರಶ್ನೆಗೆ ಉತ್ತರವಿಲ್ಲ. ನಾನೂ ಅದನ್ನು ಎಂಜಿನಿಯರಿಂಗ್ ಹಾಸ್ಟೆಲ್ಲಿನ ಕಾಲದಿಂದ ಎಷ್ಟೋ ಸಲ ಆಡಿಸಿದ್ದೇನೆ, ಕೇಳಿಕೊಂಡಿರಲಿಲ್ಲ.

ಉತ್ತರ ಕತೆಯಲ್ಲಿಲ್ಲ, ನಿಯಮದಲ್ಲಿದೆ. ಆ ಹಳೆಯ ಆವೃತ್ತಿಯಲ್ಲಿ ಸಾಹಸಿಗಳು ಹೊತ್ತು ತಂದ ಒಂದೊಂದು ಚಿನ್ನದ ನಾಣ್ಯಕ್ಕೂ ಒಂದೊಂದು ಅನುಭವದ ಅಂಕ. ಅಂಕ ಹೆಚ್ಚಿದಂತೆ ಸಾಹಸಿ ಬಲಿಯುತ್ತಾನೆ. ಅಂದರೆ ಓಗರ್ ದುಡಿದದ್ದು ತನಗಾಗಿ ಅಲ್ಲ. ಅವನ ಕೂಲಿ ಅವನ ಗವಿಯಲ್ಲಿ ಕೂಡಿಕೊಂಡು ನಮಗಾಗಿ ಕಾಯುತ್ತಿರುತ್ತದೆ. ಅವನು ಕೂಲಿಯಾಳಿನ ವೇಷದ ಗಲ್ಲಾಪೆಟ್ಟಿಗೆ. ಇನ್ನೂ ಒಂದು ವಿಚಿತ್ರ ಗಮನಿಸಿ. ಚಿನ್ನಕ್ಕಾಗಿ ಅಪರಿಚಿತರನ್ನು ಕೊಲ್ಲಲು ಹೊರಟವರು ಯಾರು? ಸಾಹಸಿಗಳು. ಓಗರ್ ಮಾಡುವುದೂ ಅದನ್ನೇ. ಒಂದೇ ಕಸುಬಿನ ಇಬ್ಬರಲ್ಲಿ ಒಬ್ಬನಿಗೆ ‘ಅಡ್ವೆಂಚರರ್’ ಎಂದೂ ಇನ್ನೊಬ್ಬನಿಗೆ ‘ಮಾನ್‌ಸ್ಟರ್’ ಎಂದೂ ಹೆಸರು ಕೊಡುವುದು ಕೋಟೆಯ ಬಾಗಿಲು. ಯಾರಿಗೆ ಸಂತೆಗೆ ಪ್ರವೇಶವಿದೆಯೋ ಅವನು ಸಾಹಸಿ.

ಈ ಮಾದರಿ ಗೈಗ್ಯಾಕ್ಸ್ ಹುಟ್ಟಿಸಿದ್ದಲ್ಲ. ಆಟದ ಓರ್ಕ್‌ಗಳು ಬಂದದ್ದು ಟೋಲ್ಕಿನ್‌ನಿಂದ. ಆದರೆ ಟೋಲ್ಕಿನ್‌ನಲ್ಲಿ ಒಂದು ಬಿರುಕಿದೆ. 1954ರ ‘ದಿ ಟೂ ಟವರ್ಸ್’ನ ಕೊನೆಯ ಅಧ್ಯಾಯದಲ್ಲಿ ಶಾಗ್ರಾಟ್, ಗೋರ್‌ಬಾಗ್ ಎಂಬ ಇಬ್ಬರು ಓರ್ಕ್ ನಾಯಕರು ಕತ್ತಲಲ್ಲಿ ಮಾತಾಡಿಕೊಳ್ಳುತ್ತಾರೆ. ಈ ಯುದ್ಧ ಮುಗಿದರೆ ನಂಬಿಕಸ್ತರಾದ ನಾಲ್ಕು ಹುಡುಗರನ್ನು ಕಟ್ಟಿಕೊಂಡು, ದೊಡ್ಡ ಧಣಿಗಳಿಲ್ಲದ ಕಡೆ ಹೋಗಿ, ನಮ್ಮ ಪಾಡಿಗೆ ನಾವು ಇದ್ದುಬಿಡೋಣ ಎಂಬ ಧಾಟಿಯ ಮಾತು. ಲೂಟಿ ಬಿಡುತ್ತೇವೆಂದು ಅವರು ಹೇಳುವುದಿಲ್ಲ. ಆದರೆ ಮೇಲಿನವರ ಬಗ್ಗೆ ಗೊಣಗುತ್ತಾರೆ. ಆ ಪುಟ ಓದುವಾಗಲೆಲ್ಲ ನನಗೆ ಗಚ್ಚಿಬೌಲಿಯ ಚಹಾ ಅಂಗಡಿ ನೆನಪಾಗುತ್ತದೆ. ರಾತ್ರಿ ಪಾಳಿಯ ನಡುವೆ ಸಿಗರೇಟು ಹಚ್ಚಿದ ಇಬ್ಬರು, ಊರಿಗೆ ಹೋಗಿ ಸ್ವಂತದ್ದೇನಾದರೂ ಮಾಡೋಣ ಎನ್ನುವುದು. ಓರ್ಕ್‌ಗಳಿಗೂ ಧಣಿ ಇದ್ದಾನೆ, ಬೇಸರವಿದೆ ಎಂದು ಟೋಲ್ಕಿನ್ ಒಂದು ಪುಟದಲ್ಲಾದರೂ ಒಪ್ಪಿಕೊಂಡ. ಆಟ ಅಷ್ಟನ್ನೂ ಉಳಿಸಿಕೊಳ್ಳಲಿಲ್ಲ. 1977ರ ‘ಮಾನ್‌ಸ್ಟರ್ ಮ್ಯಾನುಯಲ್’ ತೆರೆದರೆ ಪ್ರತಿ ಕುಲದ ಎದುರೂ ಒಂದು ಕಲಂ: ಸ್ವಭಾವ. ಓರ್ಕ್ ಎದುರು ‘ದುಷ್ಟ’ ಎಂದು ಬರೆದಿದೆ. ಹುಟ್ಟುವ ಮೊದಲೇ ಭರ್ತಿಯಾದ ಕಲಂ.

ಅದೇ ಪುಸ್ತಕದಲ್ಲಿ ನಮ್ಮ ರಾಕ್ಷಸನೂ ಇದ್ದಾನೆ, ಆ ಹೆಸರಿನಲ್ಲೇ. ಹುಲಿಯ ತಲೆ, ಕೈಯಲ್ಲಿ ಹೊಗೆಕೊಳವೆ. ಅವನನ್ನು ಕೊಲ್ಲಲು ಮಂತ್ರಿಸಿದ ಅಡ್ಡಬಿಲ್ಲಿನ ಬಾಣ ಬೇಕಂತೆ. ಈ ಬಾಣ ಯಾವ ಪರ್ವದಲ್ಲಿ ಬರುತ್ತದೆ ಎಂದು ಹುಡುಕಬೇಡಿ. ಅದು 1974ರ ಒಂದು ಅಮೆರಿಕನ್ ಟಿವಿ ಧಾರಾವಾಹಿಯಿಂದ ಬಂದದ್ದು. ಇದಕ್ಕೆ ಸಿಟ್ಟಾಗುವ ಅಗತ್ಯವಿಲ್ಲ. ನಾವೇನು ನಮ್ಮ ರಾಕ್ಷಸರನ್ನು ಬಹಳ ಚೆನ್ನಾಗಿ ನೋಡಿಕೊಂಡೆವೇ?

ಘಟೋತ್ಕಚನನ್ನು ನೆನಪಿಸಿಕೊಳ್ಳಿ. ಕುರುಕ್ಷೇತ್ರದಲ್ಲಿ ರಾಕ್ಷಸರು ಎರಡೂ ಕಡೆ ಇದ್ದರು. ಕೌರವರ ಪರ ಅಲಂಬುಷ, ಅಲಾಯುಧ. ಅಲಾಯುಧ ಬಂದದ್ದು ಬಕಾಸುರನನ್ನು ಕೊಂದ ಭೀಮನ ಮೇಲಿನ ಹಗೆಯಿಂದ. ಅಂದರೆ ಅವನಿಗೊಂದು ಕಾರಣವಿತ್ತು, ನೆಂಟರಿದ್ದರು. ವ್ಯಾಸನ ರಾಕ್ಷಸ ಗೈಗ್ಯಾಕ್ಸ್‌ನ ಓಗರ್‌ಗಿಂತ ಇಷ್ಟರಮಟ್ಟಿಗೆ ಮೇಲು. ಆದರೆ ದ್ರೋಣಪರ್ವದ ಆ ರಾತ್ರಿ ಏನಾಯಿತು? ಅರ್ಜುನನಿಗೆಂದು ಇಟ್ಟುಕೊಂಡಿದ್ದ ಶಕ್ತ್ಯಾಯುಧವನ್ನು ಕರ್ಣ ಘಟೋತ್ಕಚನ ಮೇಲೆ ಎಸೆಯಬೇಕಾಯಿತು. ಸಾಯುವಾಗಲೂ ಅವನು ಮೈ ಬೆಳೆಸಿಕೊಂಡು ಕೌರವ ಸೇನೆಯ ಮೇಲೆ ಬಿದ್ದು, ಬೀಳುವ ಹೆಣದಿಂದಲೂ ಪಾಂಡವರ ಕೆಲಸವನ್ನೇ ಮಾಡಿದ. ಪಾಂಡವರು ಅತ್ತರು. ಕೃಷ್ಣ ಕುಣಿದ. ಯಾಕೆಂದು ಕೇಳಿದರೆ ಅರ್ಜುನ ಉಳಿದನೆಂದ. ಅಷ್ಟಕ್ಕೆ ನಿಲ್ಲಿಸಿದ್ದರೆ ಅದನ್ನು ರಾಜಕಾರಣ ಎನ್ನಬಹುದಿತ್ತು. ಸಂಸ್ಕೃತ ಮೂಲದಲ್ಲಿ ಕೃಷ್ಣ ಮುಂದುವರಿದು, ಕರ್ಣ ಕೊಲ್ಲದಿದ್ದರೆ ಇವನನ್ನು ಮುಂದೊಂದು ದಿನ ನಾನೇ ಕೊಲ್ಲಬೇಕಾಗುತ್ತಿತ್ತು, ಇವನು ಯಜ್ಞಕ್ಕೂ ಬ್ರಾಹ್ಮಣರಿಗೂ ದ್ವೇಷಿ ಎನ್ನುತ್ತಾನೆ. ಕೆಲಸ ಆಗುವ ತನಕ ಭೀಮಸೇನನ ಮಗ, ಕೆಲಸ ಮುಗಿದ ಮೇಲೆ ರಾಕ್ಷಸ. ನಮ್ಮ ಭೈರಪ್ಪನವರ ‘ಪರ್ವ’ ಪವಾಡಗಳನ್ನೆಲ್ಲ ಕಳಚಿ ಈ ರಾಕ್ಷಸರನ್ನು ಕಾಡಿನ ಜನರನ್ನಾಗಿ ನೋಡಿದಾಗ ಎಷ್ಟೋ ಓದುಗರಿಗೆ ಹೊಸದೆನಿಸಿತು. ಹೊಸದೆನಿಸಿತು ಎಂಬುದೇ ನಮ್ಮ ಅಭ್ಯಾಸದ ಬಗ್ಗೆ ಹೇಳುತ್ತದೆ.

*

ಅಂದು ಆಟ ಮುಗಿದ ಮೇಲೆ ಸುರಪುರದ ಹುಡುಗ ಪಾತ್ರೆ ಎತ್ತಿಡಲು ಸಹಾಯ ಮಾಡುತ್ತ, “ಸರ್, ಇದು ನಮ್ಮೂರ ಕತಿ ಆತಲ್ರಿ” ಅಂದ. ನಾನು ರಾಯಚೂರು ಜಿಲ್ಲೆಯವನು. ಅವನು ಹೇಳಿದ್ದು ತಕ್ಷಣ ಅರ್ಥವಾಯಿತು, ಅರ್ಥವಾದದ್ದಕ್ಕೆ ಸ್ವಲ್ಪ ನಾಚಿಕೆಯೂ ಆಯಿತು.

ಸುರಪುರದ ಬೇಡ ನಾಯಕರ ಚರಿತ್ರೆಯನ್ನು ಅವರನ್ನು ಬಾಡಿಗೆಗೆ ಪಡೆದವರೂ ಅವರೊಡನೆ ಕಾದಾಡಿದವರೂ ಬರೆದಿಟ್ಟಿದ್ದಾರೆ. ಬಿಜಾಪುರದ ಸುಲ್ತಾನರಿಗೆ ಬೇಕಾದಾಗ ಅವರು ಬಂದೂಕಿಗೆ ಹೆಸರಾದ ಕಾಲಾಳುಗಳು, ಬೇಡವಾದಾಗ ಗುಡ್ಡದ ದರೋಡೆಕೋರರು. 1705ರಲ್ಲಿ ಮುದುಕನಾದ ಔರಂಗಜೇಬ ತಾನೇ ನಿಂತು ಮುತ್ತಿಗೆ ಹಾಕಿದ ಕೊನೆಯ ಕೋಟೆ ಅವರ ವಾಗಿನಗೇರಿ. ಎಂಬತ್ತು ದಾಟಿದ ಬಾದಶಹನನ್ನು ತಿಂಗಳುಗಟ್ಟಲೆ ಕಟ್ಟಿ ನಿಲ್ಲಿಸಿದ ಆ ಜನರನ್ನು ‘ಮಾನ್‌ಸ್ಟರ್ ಮ್ಯಾನುಯಲ್’ನಲ್ಲಿ ಹಾಕಿದ್ದರೆ ಯಾವ ಕಲಂನಲ್ಲಿ ಏನು ಬರೆಯುತ್ತಿದ್ದರೆಂದು ಊಹಿಸುವುದು ಕಷ್ಟವಲ್ಲ.

ಪುಸ್ತಿಕೆಯ ಗವಿಗಳಲ್ಲಿ ಇನ್ನೊಂದು ವಿವರವಿದೆ. ಕುಲದ ಗಂಡಸರ ಲೆಕ್ಕದ ಜೊತೆ ಹೆಂಗಸರೆಷ್ಟು, ಮಕ್ಕಳೆಷ್ಟು ಎಂದೂ ಕೊಟ್ಟಿದೆ. ಗಂಡಸರು ಸತ್ತ ಮೇಲೆ ಆ ಮಕ್ಕಳನ್ನು ಏನು ಮಾಡಬೇಕೆಂದು ಹೇಳಿಲ್ಲ. ಈ ಆಟ ಆಡಿದವರೆಲ್ಲ ಎಂದಾದರೂ ಆ ಕೋಣೆಯ ಬಾಗಿಲಲ್ಲಿ ನಿಂತಿರುತ್ತಾರೆ. ಗಂಟೆಗಟ್ಟಲೆ ವಾದವಾಗುತ್ತದೆ. ನಮ್ಮ ಚರಿತ್ರೆಯಲ್ಲಿ ಆ ಕೋಣೆಗೆ ಉತ್ತರವಿದೆ. 1779ರಲ್ಲಿ ಚಿತ್ರದುರ್ಗ ಹೈದರ್ ಅಲಿಯ ಕೈಸೇರಿದ ಮೇಲೆ ಸಾವಿರಾರು ಬೇಡರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು. ಅವರ ಹುಡುಗರನ್ನು ಆಯ್ದು ಚೇಲಾ ಪಡೆಗಳನ್ನು ಕಟ್ಟಲಾಯಿತು. ನಿನ್ನೆ ಎದುರಾಳಿಯ ಮಗ, ನಾಳೆ ನಮ್ಮ ಸಿಪಾಯಿ. ಕುಲವನ್ನು ಮುರಿದು ಸೈನಿಕನನ್ನು ತೆಗೆಯುವ ಈ ಕೆಲಸವನ್ನು ಮಾಡಿದವನು ಮುಂದೆ ಬರೆಸುವುದು ಮಾತ್ರ, ಅವರು ಹುಟ್ಟಾ ಯೋಧರು ಎಂದು.

ಇನ್ನು ಪೆಂಡಾರಿಗಳು. ನಾವು ಚಿಕ್ಕವರಿದ್ದಾಗ ಗದ್ದಲ ಮಾಡಿದರೆ ಅಜ್ಜಿ ಬಯ್ಯುತ್ತಿದ್ದದ್ದು “ಪೆಂಡಾರಿಗೋಳು” ಎಂದೇ. 1791ರಲ್ಲಿ ಶೃಂಗೇರಿಯ ಮಠ ಲೂಟಿಯಾಯಿತು. ಯಾರು ಮಾಡಿದ್ದೆಂದು ಕೇಳಿದರೆ ಪೆಂಡಾರಿಗಳು ಎಂಬ ಉತ್ತರ ಬೇಗ ಸಿಗುತ್ತದೆ. ಅವರು ಪರಶುರಾಮ ಭಾವೂ ಪಟವರ್ಧನನ ಮರಾಠಾ ಸೇನೆಯ ಬೆನ್ನಿಗೆ ಬಂದವರು ಎಂಬುದು ಎರಡನೇ ವಾಕ್ಯ. ಪೆಂಡಾರಿಗಳಿಗೆ ಸಂಬಳವಿರಲಿಲ್ಲ. ಲೂಟಿಯೇ ಸಂಬಳ. ಇದು ಅವರ ಕುಲಗುಣವಲ್ಲ, ಕರಾರಿನ ಷರತ್ತು. ಸಂಬಳ ಕೊಡದೆ ಸೈನ್ಯ ಸಾಕುವ ಉಪಾಯ ಕಂಡುಹಿಡಿದವರು ಬೇರೆ, ಬೈಗುಳವಾಗಿ ಉಳಿದ ಹೆಸರು ಬೇರೆ. ಆಟದ ಕೂಲಿ ರಕ್ಕಸನ ಉಪಯೋಗವೂ ಇದೇ. ಅವನು ಕತೆಯೊಳಗೆ ಬಂದ ಕೂಡಲೇ ಅವನಿಗೆ ಚೀಲ ಎಸೆದವನು ಕತೆಯಿಂದ ಮರೆಯಾಗುತ್ತಾನೆ.

ಈ ಪದ ಯಾರಿಗೆ ಅಂಟುತ್ತದೆ, ಯಾರಿಗೆ ಅಂಟುವುದಿಲ್ಲ ಎಂಬುದಕ್ಕೆ ಸುರಪುರದಲ್ಲೇ ಒಂದು ಉದಾಹರಣೆಯಿದೆ. 1840ರ ದಶಕದಲ್ಲಿ ಅಲ್ಲಿಗೆ ಬಂದ ಮೆಡೋಸ್ ಟೇಲರ್ ತಾರುಣ್ಯದಿಂದಲೇ ನಿಜಾಮರ ಸೇನೆಯಲ್ಲಿ ಸಂಬಳಕ್ಕೆ ದುಡಿದ ಆಂಗ್ಲ. ಹುಟ್ಟೂರಿಂದ ಸಾವಿರಾರು ಮೈಲಿ ದೂರ ಬಂದು, ತನ್ನದಲ್ಲದ ದೊರೆಯ ದುಡ್ಡಿಗೆ ಕತ್ತಿ ಕಟ್ಟಿದವನು. ಆದರೆ ಅವನನ್ನು ಯಾರೂ ಕೂಲಿ ಸೈನಿಕ ಎನ್ನುವುದಿಲ್ಲ. ಅವನು ಆಡಳಿತಗಾರ, ಸಂಶೋಧಕ, ಕಾದಂಬರಿಕಾರ. 1839ರ ಅವನ ‘ಕನ್ಫೆಷನ್ಸ್ ಆಫ್ ಎ ಥಗ್’ ಇಂಗ್ಲೆಂಡಿನಲ್ಲಿ ಭಾರಿ ಓದಿಸಿಕೊಂಡಿತು. ಹುಟ್ಟಿನಿಂದಲೇ ಕೊಲೆಗಡುಕರಾದ ಒಂದು ಕೂಟವಿದೆ ಎಂಬ ಕಲ್ಪನೆಗೆ ಆ ಪುಸ್ತಕ ಕೊಟ್ಟ ಬಲ ಸಣ್ಣದಲ್ಲ. ಸುರಪುರದ ಜನ ಅವನನ್ನು ಪ್ರೀತಿಯಿಂದಲೇ ನೆನೆಯುತ್ತಾರೆ. ಅವನ ಬಂಗಲೆ ಟೇಲರ್ ಮಂಜಿಲ್ ಇಂದಿಗೂ ಗುಡ್ಡದ ಮೇಲಿದೆ. ನಾನು ಅವನನ್ನು ಖಳನಾಯಕನನ್ನಾಗಿ ಮಾಡುತ್ತಿಲ್ಲ. ಅವನ ಎದುರಿನ ಕಲಂ ಖಾಲಿ ಬಿಟ್ಟಿದ್ದರು ಎಂದಷ್ಟೇ ಹೇಳುತ್ತಿದ್ದೇನೆ.

ಖಾಲಿ ಬಿಡದ ಕಲಂ ಒಂದಿತ್ತು. 1871ರಲ್ಲಿ ಬ್ರಿಟಿಷ್ ಸರಕಾರ ಕ್ರಿಮಿನಲ್ ಟ್ರೈಬ್ಸ್ ಆ್ಯಕ್ಟ್ ತಂದಿತು. ಪಟ್ಟಿಯಲ್ಲಿ ಸೇರಿದ ಕುಲದಲ್ಲಿ ಹುಟ್ಟಿದವನು ಹುಟ್ಟಿನಿಂದ ಶಂಕಿತ. ಹಾಜರಿ ಹಾಕಬೇಕು, ಊರು ಬಿಡುವಂತಿಲ್ಲ. ಆ ಕಾನೂನು ರದ್ದಾದದ್ದು 1952ರ ಆಗಸ್ಟ್ 31ರಂದು. ಹುಬ್ಬಳ್ಳಿಯಲ್ಲಿ ಇವತ್ತೂ ಒಂದು ಬಡಾವಣೆಯನ್ನು ‘ಸೆಟ್ಲ್‌ಮೆಂಟ್’ ಎಂದೇ ಕರೆಯುತ್ತಾರೆ. ಲೇಕ್ ಜಿನೀವಾದ ಆಟಗಾರರು ಈ ಕಾನೂನನ್ನು ಓದಿದ್ದರೆಂದು ನಾನು ಹೇಳುವುದಿಲ್ಲ. ಓದುವ ಅಗತ್ಯವಿರಲಿಲ್ಲ. ತಮ್ಮ ನೆಲದಲ್ಲೇ ಅವರಿಗೆ ಕೋಟೆ, ಗಡಿ, ಗಡಿಯಾಚೆಯ ಕುಲಗಳ ಕತೆ ಧಾರಾಳವಾಗಿತ್ತು.

*

ಓಗರ್‌ನ ಸೀಸದ ನಾಣ್ಯಕ್ಕೆ ಬರುತ್ತೇನೆ. ಅದು ಹೈದರಾಬಾದಿನ ಕತೆ.

ಹತ್ತೊಂಬತ್ತನೇ ಶತಮಾನದ ಈ ನಗರ ಕೂಲಿ ಸೈನಿಕರ ನಗರ. ಯೆಮೆನ್‌ನ ಹಾದ್ರಮೌತ್‌ನಿಂದ ಬಂದ ಅರಬರು, ರೋಹಿಲ್ಲರು, ಆಫ್ರಿಕಾ ಮೂಲದ ಹಬ್ಶಿಗಳು. ಇವರಲ್ಲದೆ ‘ಹೈದರಾಬಾದ್ ಕಂಟಿಂಜೆಂಟ್’ ಎಂಬ ಇನ್ನೊಂದು ಪಡೆ. ಅದರ ಅಧಿಕಾರಿಗಳು ಬ್ರಿಟಿಷರು, ಹಿಡಿತ ಬ್ರಿಟಿಷರದು, ಸಂಬಳ ಮಾತ್ರ ನಿಜಾಮರ ಖಜಾನೆಯಿಂದ. ಸಂಬಳ ಬಾಕಿ ಬೆಳೆಯಿತು, ಬಾಕಿ ಸಾಲವಾಯಿತು. 1853ರಲ್ಲಿ ಆ ಲೆಕ್ಕಕ್ಕಾಗಿ ನಿಜಾಮರು ಬೇರಾರ್, ಧಾರಾಶಿವ ಮತ್ತು ರಾಯಚೂರು ದೋಆಬ್ ಸೀಮೆಗಳನ್ನು ಕಂಪನಿಗೆ ಒಪ್ಪಿಸಬೇಕಾಯಿತು. ಕೃಷ್ಣೆ ತುಂಗಭದ್ರೆಯರ ನಡುವಿನ ನಮ್ಮೂರುಗಳು ಸೈನಿಕರ ಸಂಬಳಕ್ಕೆ ಒತ್ತೆ ಬಿದ್ದವು. 1860ರಲ್ಲಿ ದೋಆಬ್ ನಿಜಾಮರಿಗೆ ಮರಳಿತು. ಅದೇ ಒಪ್ಪಂದದಲ್ಲಿ, 1858ರಲ್ಲಿ ಬಂಡೆದ್ದು ಸತ್ತ ರಾಜಾ ವೆಂಕಟಪ್ಪ ನಾಯಕನ ಸುರಪುರವನ್ನು ಬ್ರಿಟಿಷರು ನಿಜಾಮರಿಗೆ ಬಿಟ್ಟುಕೊಟ್ಟರು. ನನ್ನ ಊರೂ ಆ ಹುಡುಗನ ಊರೂ ಒಂದೇ ಕಾಗದದ ಮೇಲೆ ಕೈ ಬದಲಾಯಿಸಿದವು ಎಂದು ತಿಳಿದಾಗ ನಾವಿಬ್ಬರೂ ನಕ್ಕೆವು. ನಗದೆ ಏನು ಮಾಡುವುದು?

ಇತಿಹಾಸದಲ್ಲಿ ಕೂಲಿ ಸೈನಿಕ ಎದುರು ನಿಂತಾಗಲೆಲ್ಲ ಹಿಂದಿನ ಪುಟ ತಿರುಗಿಸಿ ನೋಡಿ, ಬಾಕಿ ಸಂಬಳ ಸಿಗುವ ಸಂಭವ ಹೆಚ್ಚು. ಆಟದ ಪುಸ್ತಕಗಳು ರಕ್ಕಸನ ಹಲ್ಲಿನ ಉದ್ದ, ಚರ್ಮದ ದಪ್ಪ, ಕತ್ತಲಲ್ಲಿ ಎಷ್ಟು ದೂರ ಕಾಣುತ್ತಾನೆ ಎಂಬುದನ್ನೆಲ್ಲ ಹೇಳುತ್ತವೆ. ಅವನಿಗೆ ಎಷ್ಟು ತಿಂಗಳ ಸಂಬಳ ಬಾಕಿಯಿದೆ ಎಂಬ ಕಲಂ ಇಲ್ಲ.

ಮಾಸಬ್ ಟ್ಯಾಂಕಿನ ಬಳಿ ಎಸಿ ಗಾರ್ಡ್ಸ್ ಎಂಬ ಬಡಾವಣೆಯಿದೆ. ಹೈದರಾಬಾದಿಗೆ ಬಂದ ಹೊಸತರಲ್ಲಿ ನಾನು ಅದನ್ನು ಏರ್ ಕಂಡೀಷನರಿಗೆ ಸಂಬಂಧಿಸಿದ್ದೆಂದುಕೊಂಡಿದ್ದೆ. ಅದು ಆಫ್ರಿಕನ್ ಕ್ಯಾವಲ್ರಿ ಗಾರ್ಡ್ಸ್. ನಿಜಾಮರ ಹಬ್ಶಿ ಕುದುರೆ ಪಡೆ ಇದ್ದ ಜಾಗ. 1948ರಲ್ಲಿ ಸಂಸ್ಥಾನ ಭಾರತಕ್ಕೆ ಸೇರಿದ ಮೇಲೆ ಆ ಪಡೆ ಇಲ್ಲವಾಯಿತು, ಮನೆಗಳು ಉಳಿದವು. ಹಾಗೆಯೇ ಹಳೆಯ ಊರಿನ ದಕ್ಷಿಣಕ್ಕೆ ಬಾರ್ಕಸ್, ಅಂದರೆ ಬ್ಯಾರಕ್ಸ್. ಅರಬ್ ಸಿಪಾಯಿಗಳ ಮೊಮ್ಮಕ್ಕಳು ಅಲ್ಲಿ ಇಂದಿಗೂ ಲುಂಗಿ ಉಟ್ಟು ಬೆಳಿಗ್ಗೆ ಹರೀಸ್ ಮಾರುತ್ತಾರೆ. ಹೈದರಾಬಾದಿನ ಮದುವೆಗಳಲ್ಲಿ ಮರ್ಫಾ ಬಾರಿಸುವುದನ್ನು ನೀವು ಕೇಳಿಯೇ ಇರುತ್ತೀರಿ. ಆ ತಾಳವೂ ಈ ಬ್ಯಾರಕ್ಕುಗಳಿಂದ ಬಂದದ್ದು. ಒಂದು ಕಾಲಕ್ಕೆ ಊರನ್ನೇ ಹೆದರಿಸುತ್ತಿದ್ದರೆನ್ನುವ ಜನ ಊರಿಗೆ ಬಿಟ್ಟುಹೋದದ್ದು ಒಂದು ತಿಂಡಿ, ಒಂದು ತಾಳ. ಕೋಟೆಯ ಬಾಗಿಲು ಒಮ್ಮೆ ತೆರೆದರೆ ರಕ್ಕಸರು ಇಷ್ಟು ಬೇಗ ನೆರೆಹೊರೆಯವರಾಗುತ್ತಾರೆ.

*

ಆಟದ ಒಡೆಯರು ಇದನ್ನೆಲ್ಲ ಗಮನಿಸಿಲ್ಲವೆಂದಲ್ಲ. 2016ರ ಒಂದು ಪುಸ್ತಕದಲ್ಲಿ ಓರ್ಕ್ ಪಾತ್ರ ಆಯ್ದುಕೊಂಡವರಿಗೆ ಬುದ್ಧಿಶಕ್ತಿಯಲ್ಲಿ ಎರಡು ಅಂಕ ಕಡಿತವಿತ್ತು. 2020ರಲ್ಲಿ ಅದನ್ನು ತೆಗೆದರು. ಆ ವರ್ಷದ ಜೂನ್‌ನಲ್ಲೇ, ಓರ್ಕ್ ಮತ್ತು ಡ್ರೌ ಕುಲಗಳ ಚಿತ್ರಣ ನಿಜವಾದ ಜನಾಂಗಗಳನ್ನು ಹೀಗಳೆದ ರೀತಿಯನ್ನೇ ನೆನಪಿಸುವಂತಿತ್ತೆಂದು ಪ್ರಕಾಶಕರು ಒಪ್ಪಿಕೊಂಡರು. 2024ರ ನಿಯಮಪುಸ್ತಕದಲ್ಲಿ ‘ರೇಸ್’ ಎಂಬ ಪದ ಹೋಗಿ ‘ಸ್ಪೀಷೀಸ್’ ಬಂತು, ಓರ್ಕ್ ಆಟಗಾರರ ಪಾತ್ರಗಳ ಸಾಲಿಗೆ ಸೇರಿತು. 2025ರ ‘ಮಾನ್‌ಸ್ಟರ್ ಮ್ಯಾನುಯಲ್’ನಲ್ಲಿ ಓರ್ಕ್‌ಗೆ ಪ್ರತ್ಯೇಕ ನಮೂದೇ ಇಲ್ಲ.

ಹಳೆಯ ಆಟಗಾರರು ಇದನ್ನು ಅತಿರೇಕವೆಂದು ಬೈಯುತ್ತಾರೆ. ಆಟ ಆಟವೇ, ಎಲ್ಲದರಲ್ಲೂ ಚರಿತ್ರೆ ಹುಡುಕಬೇಡಿ ಎನ್ನುತ್ತಾರೆ. ಅವರ ಮಾತನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಭಾನುವಾರದ ನಾಲ್ಕು ಗಂಟೆ ಯಾವ ತಪ್ಪಿತಸ್ಥ ಭಾವವೂ ಇಲ್ಲದೆ ದಾಳ ಉರುಳಿಸುವ ಸುಖ ದೊಡ್ಡದು. ಬದಲಾವಣೆ ಸರಿಯೆಂದೇ ನನ್ನ ಅಭಿಪ್ರಾಯ, ಆದರೆ ಅದು ಅರ್ಧ ಕೆಲಸ. ‘ದುಷ್ಟ’ ಎಂಬ ಪದವನ್ನು ಅಳಿಸಿದರು, ಚೀಲ ಎಸೆಯುವವನನ್ನು ಬೆಳಕಿಗೆ ತರಲಿಲ್ಲ. ಓರ್ಕ್ ಹೋಗಿ ಆ ಜಾಗಕ್ಕೆ ‘ಡಕಾಯಿತ’ ಬಂದ. ಅವನಿಗೂ ಊರಿಲ್ಲ, ಧಣಿಯಿಲ್ಲ, ಬಾಕಿಯಿಲ್ಲ. ಹೆಸರು ಶುದ್ಧವಾಯಿತು, ವ್ಯವಹಾರ ಹಾಗೆಯೇ ಉಳಿಯಿತು.

ನಮ್ಮ ಕಸುಬಿನವರಿಗೆ ಇದು ಹೊಸತಲ್ಲ. ನಾವೂ ಜನರನ್ನು ‘ರಿಸೋರ್ಸ್’ ಎಂದು ಕರೆದೆವು, ಆಮೇಲೆ ‘ಅಸೋಸಿಯೇಟ್’ ಎಂದೆವು, ಈಗ ‘ಪಾರ್ಟ್‌ನರ್ ಟೀಮ್’ ಎನ್ನುತ್ತೇವೆ. ಕೆಲವು ವರ್ಷಗಳ ಹಿಂದೆ, ಆಗ ನಾನಿದ್ದ ಕಂಪನಿಯಲ್ಲಿ, ಒಂದು ರಾತ್ರಿ ಬಿಡುಗಡೆ ಮಾಡಿದ ಸಾಫ್ಟ್‌ವೇರ್ ಬೆಳಗಾಗುವಷ್ಟರಲ್ಲಿ ಕುಸಿಯಿತು. ಪರೀಕ್ಷೆ ಮಾಡಿದ್ದು ಗುತ್ತಿಗೆಗೆ ಬಂದ ಹನ್ನೊಂದು ಮಂದಿ. ಮೂಲಕಾರಣದ ವರದಿ ಬರೆದದ್ದು ನಾನು. ‘ಗುತ್ತಿಗೆ ತಂಡದ ಪರೀಕ್ಷಾ ಲೋಪ’ ಎಂದು ಬರೆದೆ. ಅದು ಸುಳ್ಳಲ್ಲ. ಅವರಿಗೆ ಐದು ದಿನ ಬೇಕಿತ್ತು, ವೇಳಾಪಟ್ಟಿ ಉಳಿಸಿಕೊಳ್ಳಲು ಅದನ್ನು ಮೂರು ದಿನಕ್ಕೆ ಇಳಿಸಿದವನು ನಾನೇ ಎಂಬುದು ವರದಿಯಲ್ಲಿ ಬರಲಿಲ್ಲ. ಆ ಶುಕ್ರವಾರ ಹನ್ನೊಂದೂ ಜನರ ಗುರುತಿನ ಚೀಟಿ ನಿಷ್ಕ್ರಿಯವಾಯಿತು. ಗೇಟಿನಲ್ಲಿ ಚೀಟಿ ಒತ್ತಿ ಒತ್ತಿ ನೋಡುತ್ತಿದ್ದ ಹುಡುಗಿಯೊಬ್ಬಳನ್ನು ಕಂಡು ನಾನು ಇನ್ನೊಂದು ಬಾಗಿಲಿಂದ ಹೋದೆ. ಮಗಳು “ಅವನನ್ನ ಒಳಗೆ ಬಿಡ್ತಾರಾ” ಎಂದು ಕೇಳಿದಾಗ ನನಗೆ ನೆನಪಾದದ್ದು ಆ ಗೇಟು.

ಈ ಪತ್ರಿಕೆ ಓದುವ ನಮ್ಮಲ್ಲಿ ಹೆಚ್ಚಿನವರು ದುಡ್ಡಿಗಾಗಿ ಊರು ಬಿಟ್ಟು, ಹೆಚ್ಚು ಕೊಟ್ಟವರ ಕಡೆ ಹೋದವರೇ. ಶೇಕಡಾ 90ರ ಸಂಭವ ನಮ್ಮದೂ ಹೌದು. ಅದರಲ್ಲಿ ನಾಚಿಕೆಪಡುವಂಥದ್ದು ಇಲ್ಲ. ನಾಚಿಕೆಯಾಗಬೇಕಾದ್ದು, ನಮ್ಮ ಹಾಗೆಯೇ ಬಂದ ಇನ್ನೊಬ್ಬನನ್ನು ಗವಿಯವನೆಂದು ತಿಳಿಯುವಾಗ.

ನಮ್ಮ ಮೇಜಿನಲ್ಲಿ ಈಗ ಒಂದು ಸಣ್ಣ ತಿದ್ದುಪಡಿ ಮಾಡಿಕೊಂಡಿದ್ದೇನೆ. ಯಾವುದೇ ಕುಲ, ಯಾವುದೇ ಕೂಲಿಯವನು ಕತೆಗೆ ಬಂದರೂ ನನ್ನ ಟಿಪ್ಪಣಿ ಪುಸ್ತಕದಲ್ಲಿ ಮೂರು ಸಾಲು ಬರೆದಿಟ್ಟುಕೊಳ್ಳುತ್ತೇನೆ. ಧಣಿ ಯಾರು. ಬಾಕಿ ಎಷ್ಟು. ದುಡ್ಡು ಸಿಕ್ಕರೆ ಎಲ್ಲಿ ಖರ್ಚು ಮಾಡುತ್ತಾನೆ. ಮೂರನೆಯದಕ್ಕೆ ಉತ್ತರ ಹೊಳೆಯದಿದ್ದರೆ ಆ ಪಾತ್ರವನ್ನು ಮೇಜಿಗೆ ತರುವುದಿಲ್ಲ. ಇದರಿಂದ ಆಟದ ರೋಚಕತೆ ಕಡಿಮೆಯಾಗಿಲ್ಲ. ಕಾದಾಟಗಳೂ ನಡೆಯುತ್ತವೆ, ಸಾಹಸಿಗಳು ಸಾಯುತ್ತಲೂ ಇದ್ದಾರೆ. ಮಂಡ್ಯದ ಗೆಳೆಯನಂತೂ ಎರಡು ಪಾತ್ರ ಕಳೆದುಕೊಂಡ.

ಕಳೆದ ಭಾನುವಾರ ಎಲ್ಲರೂ ಒಪ್ಪಿ ಆ ಗವಿಯ ದೃಶ್ಯವನ್ನು ಮೊದಲಿನಿಂದ ಆಡಿದೆವು. ಗುಪ್ತ ಬಾಗಿಲು ತೆರೆಯಿತು, ಚೀಲ ಬಿತ್ತು, ಕರಡಿ ಚರ್ಮ ಹೊದ್ದವನು ಎದ್ದು ನಿಂತ. ಧಾರವಾಡದವನು ಕತ್ತಿ ಎಳೆದ. ಮಗಳು ತನ್ನ ಸರದಿಯಲ್ಲಿ ಕತ್ತಿ ಎಳೆಯಲಿಲ್ಲ, ಹೆಚ್ಚಿನ ದುಡ್ಡನ್ನೂ ತೋರಿಸಲಿಲ್ಲ. “ಆ ಚೀಲದ ಒಂದು ನಾಣ್ಯ ತೆಗೆದು ಕಚ್ಚಿ ನೋಡು ಅಂತ ಅವನಿಗೆ ಹೇಳ್ತೀನಿ” ಅಂದಳು.

ಅವನು ಏನು ಮಾಡುತ್ತಾನೆಂದು ಪುಸ್ತಿಕೆಯಲ್ಲಿ ಬರೆದಿಲ್ಲ. ನಾನು ದಾಳ ಕೈಗೆತ್ತಿಕೊಂಡೆ.